ಮೈದುನನ ಕೈಸೇರಿದ ಎಲಿ-ಅಡಕಿ

ನಾಕು ತಾಲೂಕಿನ ಒಕ್ಕಲು ಮನಿಗಳು ಕೂಡಿ ಕಟ್ಟಿದ ಸಂಘ ನಮ್ಮದು. ಸಭಾಕ್ಕ ಮನಿಮನಿಗೆ ಎಲಿ-ಅಡಕಿ ಕೊಟ್ಟು ಕರಿಯೋದು ಪದ್ಧತಿ. ಎಲಿ ಯಾರ ಕೈಗೆ ಬರತೈತಿ, ಆ ಮನಿ ಮತ ಅವರದು. ನನ್ನ ಯಜಮಾನ್ರು ತೀರಿಕೊಂಡ ಮ್ಯಾಲ ನಮ್ಮ ಎಲಿ ನನ್ನ ಕಣ್ಣಮುಂದೇ ಹಾದು ಬಾಜೂ ಮನಿ ಮೈದುನನ ಕೈ ಸೇರಿತು. ಸಂಘದ ಅಧ್ಯಕ್ಷನೂ ಅವನೇ. ಆ ಮತ ಹಾಕಿ ಬೈಲಹೊಂಗಲದಾಗ ಸಂಘ ನಡಸತಿದ್ದ ಹೆಣ್ಣುಹುಡಗ್ಯಾರ ಹಾಸ್ಟೆಲ್ ಮುಚ್ಚಿಸಿದ. ಒಂದೇ ಮತದ ಫರಕಿನಾಗ ಠರಾವು ಪಾಸಾತು. ಮನೋಳಿಯಿಂದ ಬಂದು ನಾ ಓದಿದ್ದು ಅದೇ ಹಾಸ್ಟೆಲಿನಾಗ ಇದ್ದು. ಕೇಳಿದ್ರ, "ವೈನಿ, ನಿಮಗ್ಯಾಕ ಇಲ್ಲದ ಉಸಾಬರಿ? ಮನ್ಯಾಗ ಆರಾಮ ಇರ್ರಿ" ಅಂದ. ಸುಳ್ಳ್ಯಾಕ ಹೇಳಲಿ, ಇವನ್ನ ಆ ಕುರ್ಚಿಯಿಂದ ಇಳಿಸೇ ತೀರಬೇಕಂತ ಅವತ್ತೇ ಠರಾಯಿಸಿದೆ.

ನಾ ಕಾಲೇಜಿನಾಗ ರಾಜ್ಯಶಾಸ್ತ್ರ ಕಲಸಾಕಿ. ಹಿಂದಕ ಒಂದು ಹೊರದೇಶದಾಗ ಮೂರು ಮಂದಿ ಹೆಸರು ಮುಚ್ಚಿಕೊಂಡು, ಹೊಸ ಸಂವಿಧಾನ ಒಪ್ಪಿಕೊಳ್ರಿ ಅಂತ ಜನಕ್ಕ ಪತ್ರಿಕೆಯೊಳಗ ಬರದ್ರು. ಆ ಪಾಠ ವರ್ಷಾ ವರ್ಷಾ ಮಾಡತೇನಿ. ದಿಲ್ಲಿಗೆ ಯಾರನ್ನ ಕಳಸಬೇಕು ಅನ್ನಾಕ ನನಗ ಮತ ಐತಿ, ನಮ್ಮ ಸಂಘದಾಗ ಇಲ್ಲ. ಆ ವರ್ಷ ಪಾಠ ಮುಗಿಸಿ ಬಂದವಳೇ ಪೆನ್ನು ಹಿಡದೆ.

ಊರ ವಾರಪತ್ರಿಕೆಗೆ, ಸಂಘಕ್ಕ ಹೊಸ ನಿಯಮಾವಳಿ ಬೇಕಂತ ಐದು ಲೇಖನ ಕಳಿಸಿದೆ. ಕೆಳಗ 'ಒಬ್ಬ ಸದಸ್ಯ' ಅಂತ ಸಹಿ. ಮೊದಲನೇದರಾಗ ಬೇಕಂತಲೇ ಗಾಳ ಹಾಕಿದೆ: ಅಧ್ಯಕ್ಷರು ವರ್ಷಕ್ಕೊಮ್ಮೆ ಬದಲಾದ್ರ ಕೆಲಸ ಆಗಂಗಿಲ್ಲ, ಐದು ವರ್ಷ ಇರಬೇಕು. ಗಂಡಸು-ಹೆಂಗಸು ಎಲ್ಲಾರೂ ಸದಸ್ಯರು, ತಲೀಗೊಂದು ಮತ ಅನ್ನೋದನ್ನ ನಾಕನೇದರಾಗ ಇಟ್ಟೆ.

ಮೈದುನ ಮೊದಲನೇದು ಓದಿ ಕುಣದಾಡಿದ. ಉಳದದ್ದು ಓದೋ ತ್ರಾಸು ತಗೊಳ್ಳಲಿಲ್ಲ. ಕಿತ್ತೂರಿನ ರಿಟಾಯರ್ಡ್ ಹೆಡ್‌ಮಾಸ್ತರರೇ ಬರದಾರಂತ ತಿಳಕೊಂಡು ಅವರಿಗೆ ಶಾಲು ಹೊದಿಸಿ ಬಂದ. ಆ ಮುದುಕರು ನಾ ಅಲ್ಲ ಅಂದಷ್ಟೂ "ದೊಡ್ಡವರ ವಿನಯ ನೋಡ್ರಿ" ಅಂದನಂತ. ಅಡಗಿಮನ್ಯಾಗ ಒಬ್ಬಾಕೀನೇ ನಕ್ಕೆ. ಸವದತ್ತಿ ಸಭಾದಾಗ ಐದೂ ಲೇಖನದಾಗಿದ್ದ ಇಡೀ ನಿಯಮಾವಳಿ ಅವನೇ ಮುಂದ ನಿಂತು ಪಾಸ್ ಮಾಡಿಸಿದ.

ಹೊಸ ನಿಯಮದ ಮೊದಲನೇ ಚುನಾವಣಿ ದಿನ ರಾಮದುರ್ಗ, ಕಟಕೋಳದಿಂದ ಹೆಣ್ಮಕ್ಕಳು ಬಸ್ ತುಂಬ ಬಂದ್ರು. ಹಾಸ್ಟೆಲಿನಾಗ ನನ್ನ ಜೋಡಿ ಇದ್ದವರೇ ಅದರಾಗ ಬಾಳ. ಮೈದುನ ಸೋತ. ಅಯ್ಯೋ ಪಾಪ ಅನಸಲಿಲ್ಲ ನನಗ. ಹೋಳಿಗಿ ಮಾಡಿ ಅವನ ಮನಿಗೂ ನಾಕು ಕಳಿಸಿದೆ.

ವಾರ ಬಿಟ್ಟು ಬಂದು ಹೊಸ್ತಿಲದಾಗ ನಿಂತ. "ವೈನಿ, ಆ 'ಒಬ್ಬ ಸದಸ್ಯ' ಯಾರಂತ ನಿಮಗೇನರ ಗೊತ್ತೈತೇನ್ರಿ?"

ಹಾಸ್ಟೆಲ್ ತಿರುಗಿ ತಗಿಯೋ ಸಭಾದ ಎಲಿ-ಅಡಕಿ ಆಗಷ್ಟೇ ನನ್ನ ಕೈಗೆ ಬಂದಿತ್ತು.

"ನಾನೇ," ಅಂದೆ. "ಬರಿಯೋ ಹೊತ್ತಿಗೆ ನಾ ಇನ್ನೂ ಸದಸ್ಯ ಇರಲಿಲ್ಲ. ಅದೊಂದೇ ಸುಳ್ಳು ಬರದೇನಿ, ಮಾಫ್ ಮಾಡು."