ಬಯಲಿನ ಎರಡು ಗೂಟ

ಅರ್ಜಿಯ ಕೊನೆಯ ಪುಟದಲ್ಲಿ ಒಂದೇ ಪ್ರಶ್ನೆ ಇತ್ತು: ನಿಮ್ಮನ್ನು ಬಿಡದೆ ಕಾಡಿದ ಒಂದು ವಿಷಯದ ಬಗ್ಗೆ ಪ್ರಬಂಧ ಬರೆಯಿರಿ. ಆಗ ನಾನು ರೋಣದಲ್ಲಿ ಪಿಯುಸಿ ಎರಡನೇ ವರ್ಷ ಓದುತ್ತಿದ್ದೆ. ಸಂಜೆ ನಮ್ಮೂರು ಯಾವಗಲ್‌ಗೆ ಹೋಗುವ ಬಸ್ಸು ತಪ್ಪೀತೆಂಬುದು ಬಿಟ್ಟರೆ ನನ್ನನ್ನು ಏನೂ ಕಾಡುತ್ತಿರಲಿಲ್ಲ. ಅಂಕಗಳಿದ್ದವು, ಆಸಕ್ತಿ ಇರಲಿಲ್ಲ. ಬಾಯಿಪಾಠ ಮಾಡುವವರಿಗೆ ಅದೆಲ್ಲ ಯಾಕೆ ಬೇಕು? ಆದರೆ ದೂರದ ಆ ವಿಶ್ವವಿದ್ಯಾಲಯ ಫೀ ಇಲ್ಲದೆ ಓದಿಸುತ್ತಿತ್ತು. ಪ್ರಬಂಧ ಕೆಟ್ಟರೆ ನನ್ನ ಓದು ಅಲ್ಲಿಗೇ ನಿಂತಂತೆ.

ಆಸಕ್ತಿ ಇದ್ದದ್ದು ನನ್ನ ಗೆಳತಿಗೆ. ಕೂಲಿಗೆ ಹೋಗುವವರ ಮಗಳು, ಒಂಬತ್ತನೇ ಇಯತ್ತೆಯಲ್ಲಿ ನನ್ನ ಪಕ್ಕ ಕೂರುತ್ತಿದ್ದಳು. ಬೇಸಿಗೆಯಲ್ಲಿ ನಮ್ಮ ಎರೆ ನೆಲ ಕೈ ಹೋಗುವಷ್ಟು ಬಿರುಕು ಬಿಡುತ್ತದೆ, ಮಳೆ ಬಿದ್ದರೆ ಹೊಲಿದಂತೆ ಮುಚ್ಚಿಕೊಳ್ಳುತ್ತದೆ. ಅದನ್ನು ಊರೆಲ್ಲ ನೋಡಿದೆ. ‘ಮುಂದಿನ ವರ್ಷ ಅಲ್ಲೇ ಬಿಡತೈತೋ, ಬ್ಯಾರೆ ಕಡೆ ಬಿಡತೈತೋ?’ ಎಂದು ಕೇಳಿದವಳು ಇವಳೊಬ್ಬಳೇ. ಹೊಲವಾದರೆ ಉಳುತ್ತಾರೆ, ಗುರುತು ಉಳಿಯುವುದಿಲ್ಲ ಎಂದು ಶಾಲೆಯ ಹಿಂದಿನ ಬಯಲು ಆರಿಸಿ, ದೊಡ್ಡದೊಂದು ಬಿರುಕಿನ ಎರಡೂ ತುದಿಗೆ ಬೇವಿನ ಗೂಟ ಬಡಿದಳು. ನಾನು ನಕ್ಕಿದ್ದೆ.

ಮುಂದಿನ ವರ್ಷ ಪರೀಕ್ಷೆಗೆ ಮೊದಲೇ ಅವಳ ಮನೆಯವರು ಕಟ್ಟಡದ ಕೆಲಸಕ್ಕೆ ಗೋವಾಕ್ಕೆ ಹೋದರು, ಅವಳನ್ನೂ ಕರೆದುಕೊಂಡು. ಬೇಸಿಗೆಯ ಬಿಸಿಲು ಏರಿದ ಮೇಲೆ ಒಂದು ದಿನ ಫೋನ್ ಮಾಡಿದಳು. ಆರಾಮ ಇದ್ದೀಯಾ, ಊಟ ಆಯಿತಾ ಒಂದೂ ಇಲ್ಲ. ‘ಬಯಲಿಗೆ ಹೋಗಿದ್ದೇನ ಬೇ? ಗೂಟದ ನಡುವನ ಬಿಟ್ಟೈತೇನ?’

ಬಯಲು ನಮ್ಮ ಮನೆಯಿಂದ ಐದು ನಿಮಿಷದ ಹಾದಿ. ಹೋಗಿರಲಿಲ್ಲ. ಹೋಗುವ ಮನಸ್ಸೂ ಇರಲಿಲ್ಲ. ‘ಹೂಂ, ಅಲ್ಲೇ ಬಿಟ್ಟೈತಿ’ ಎಂದೆ. ಆ ಕಡೆ ಅವಳು ಖುಷಿಗೆ ಕಿರುಚಿದ್ದೂ, ಯಾರೋ ಅವಳನ್ನು ಬೈದದ್ದೂ ಕೇಳಿಸಿತು.

ಎರಡು ವರ್ಷದ ಮೇಲೆ ಅದನ್ನೇ ನನ್ನ ಪ್ರಬಂಧಕ್ಕೆ ಆರಿಸಿಕೊಂಡೆ. ಮೊದಲು ಅವಳನ್ನು ಕೇಳಿದೆ, ಅಷ್ಟು ಮಾನ ಉಳಿದಿತ್ತು. ‘ಬರಕೋ ಬೇ. ಇಲ್ಲಿ ಇಟ್ಟಂಗಿ ಹೊರಾಕಿ ನಾ, ಅದನ್ನ ಇಟ್ಕೊಂಡು ಏನ್ ಮಾಡ್ಲಿ?’ ಎಂದಳು. ಹಾಳೆಯ ಮೇಲೆ ಗೂಟ ಬಡಿದವಳೂ ನಾನೇ ಆದೆ, ಮರುವರ್ಷ ಹೋಗಿ ನೋಡಿದವಳೂ ನಾನೇ ಆದೆ. ಸಂದರ್ಶನದಲ್ಲಿ ‘ನೀವೇ ಕಣ್ಣಾರೆ ನೋಡಿದಿರಾ?’ ಎಂದು ಕೇಳಿದರು. ನೋಡಿದೆ ಎಂದೆ. ಸೀಟು ಸಿಕ್ಕಿತು.

ಆ ಮೇ ತಿಂಗಳು ಗೆಳತಿ, ನಮ್ಮ ಕಡೆಯ ಲಕ್ಕಲಕಟ್ಟಿಗೆ ಸಂಬಂಧಿಕರ ಮದುವೆಗೆ ಬಂದವಳು, ನಮ್ಮ ಮನೆಗೂ ಬಂದಳು. ಕೊಟ್ಟ ನೀರು ಕುಡಿಯಲಿಲ್ಲ, ‘ನಡಿ ಬಯಲಿಗೆ, ಈ ವರ್ಷದ್ದೂ ನೋಡೂಣು’ ಎಂದಳು. ಅಲ್ಲಿ ಸಿಮೆಂಟು ಹಾಕಿ ವಾಲಿಬಾಲ್ ಅಂಗಳ ಮಾಡಿದ್ದರು. ನನಗದು ಗೊತ್ತಿತ್ತು. ಖರೇ ಹೇಳಬೇಕೆಂದರೆ, ಸಿಮೆಂಟು ಬಿದ್ದ ದಿನ ನನಗೆ ಹಗುರೆನಿಸಿತ್ತು.

ಅವಳು ಕುಕ್ಕರುಗಾಲಿನಲ್ಲಿ ಕೂತು, ಇಟ್ಟಿಗೆ ಹೊತ್ತು ಒರಟಾದ ಅಂಗೈಯಿಂದ ಆ ಸಿಮೆಂಟನ್ನು ಸವರಿದಳು. ಅವಳ ಬೆನ್ನು ನೋಡುತ್ತ ನಿಂತ ನನಗೆ ದುಃಖ ತಡೆಯಲಾಗಲಿಲ್ಲ. ಹೇಳಿಬಿಡೋಣವೆಂದು ಬಾಯಿ ತೆರೆದೆ, ಅಳುವೇ ಮೊದಲು ಬಂತು.

ಅವಳು ಎದ್ದು ಬಂದು ತನ್ನ ಸೆರಗಿನಿಂದ ನನ್ನ ಮುಖ ಒರೆಸಿದಳು. ‘ಅಳಬ್ಯಾಡ ಬೇ. ಆ ವರ್ಷ ನೀ ನೋಡಿದಿಯಲ್ಲ, ನನಗ ಅಷ್ಟ ಸಾಕು.’

ಹೂಂ ಎಂದೆ.