ಕಣದಲ್ಲಿ ಒಣಗಿದ ದೋಣಿ

ನನಗೆ ಸಿಟ್ಟು ಬರಿಸುವ ಪದ ಒಂದಿದೆ: ಫೈಬರ್. ನಮ್ಮ ಹಾಯಿದೋಣಿ ಕ್ಲಬ್ಬಿನಲ್ಲಿ ಈಗ ಎಲ್ಲರದೂ ಫೈಬರ್ ದೋಣಿ. ತೊಳೆದರೆ ಆಯಿತು, ಪ್ಲಾಸ್ಟಿಕ್ ಬಕೆಟ್ಟಿನ ಹಾಗೆ ಮೂಲೆಯಲ್ಲಿ ಕವುಚಿ ಮನೆಗೆ ಹೋದರೆ ಆಯಿತು. ನನ್ನದು ಮರದ್ದು. ಹನ್ನೆರಡಡಿ ಉದ್ದ, ಹಲಗೆಯ ಅಂಚಿನ ಮೇಲೆ ಹಲಗೆ ಏರಿಸಿ ತಾಮ್ರದ ಮೊಳೆ ಬಡಿದು ಕಟ್ಟಿದ ರೇಸಿನ ದೋಣಿ, ಅಪ್ಪನ ಕಾಲದ್ದು. ಚೆಟ್ಟಳ್ಳಿಯ ಹತ್ತಿರದ ನಮ್ಮ ತೋಟದಲ್ಲಿ ಕಾಫಿ ಕೊಯ್ಲಿನ ಗಲಾಟೆ ಎಷ್ಟೇ ಇರಲಿ, ಭಾನುವಾರ ಹಾರಂಗಿ ಹಿನ್ನೀರಿಗೆ ಹೋಗಿ ಹಾಯಿ ಬಿಚ್ಚದಿದ್ದರೆ ನನಗೆ ವಾರ ಮುಗಿದ ಹಾಗೆ ಅನಿಸುವುದಿಲ್ಲ.

ನಾನು ಚಿಕ್ಕವಳಿದ್ದಾಗ ಇಂಥ ದೋಣಿಗಳು ಹತ್ತು ಹನ್ನೆರಡು ಇದ್ದವು. ಒಂದೊಂದೇ ಗೆದ್ದಲಿಗೆ ಹೋದವು, ಮಾರಾಟಕ್ಕೆ ಹೋದವು. ಕೊನೆಗೆ ಉಳಿದದ್ದು ಎರಡು. ನನ್ನದೊಂದು, ಕುಶಾಲನಗರದ ನಿವೃತ್ತ ಡಾಕ್ಟರೊಬ್ಬರದೊಂದು. ಕ್ಲಬ್ಬಿನ ನಿಯಮ ಏನೆಂದರೆ, ವರ್ಷದ ದೊಡ್ಡ ಪಂದ್ಯದಲ್ಲಿ ಒಂದು ವರ್ಗದ ದೋಣಿಗಳು ಕನಿಷ್ಠ ಮೂರು ಹೊರಡಬೇಕು, ಆ ಮೂರೂ ದೋಣಿ ಸುತ್ತು ಮುಗಿಸಬೇಕು. ಸತತ ಎರಡು ವರ್ಷ ಹಾಗೆ ಆಗದಿದ್ದರೆ ಆ ವರ್ಗವನ್ನೇ ಪಟ್ಟಿಯಿಂದ ತೆಗೆಯುತ್ತಾರೆ. ಹೋದ ವರ್ಷ ನಾವು ಇಬ್ಬರೇ ಆಗಿದ್ದೆವು.

ಈ ಸಲ ಪಂದ್ಯಕ್ಕೆ ಎರಡು ತಿಂಗಳಿದೆ ಎನ್ನುವಾಗ ಕ್ಲಬ್ಬಿನ ಕಾರ್ಯದರ್ಶಿ ಫೋನು ಮಾಡಿದರು.

“ಮೇಡಂ, ಬೇಜಾರ್ ಮಾಡ್ಕೋಬೇಡಿ. ಈ ಸಲಾನೂ ಮೂರು ಆಗ್ಲಿಲ್ಲ ಅಂದ್ರೆ ಮರದ ವರ್ಗ ಕ್ಲೋಸ್. ನಿಮ್ಮ ದೋಣೀಲಿ ಮಣ್ಣು ತುಂಬಿ ಗೇಟ್ ಹತ್ರ ಹೂಗಿಡ ಹಾಕುವ. ಚಂದ ಕಾಣ್ತದೆ.”

ಹೂಗಿಡವಂತೆ! ನಿಮ್ಮ ಕಾರಿನಲ್ಲೇ ಸೇವಂತಿಗೆ ಬೆಳೆಸಿ ಎಂದು ಫೋನಿಟ್ಟೆ. ಅರ್ಧ ಗಂಟೆ ಅಂಗಳದಲ್ಲಿ ಒಬ್ಬಳೇ ಬೈದುಕೊಂಡು ತಿರುಗಿದೆ. ಆಮೇಲೆ ಮೂರನೆಯ ದೋಣಿ ಎಲ್ಲಿದೆ ಎಂದು ನೆನಪಾಯಿತು.

ಅದು ಪೊನ್ನಂಪೇಟೆಯಲ್ಲಿತ್ತು, ಶಾಲೆಯಲ್ಲಿ ನನಗೆ ಲೆಕ್ಕ ಹೇಳಿಕೊಟ್ಟ ಟೀಚರ್ ಮನೆಯ ಕಾಫಿ ಗೋಡೌನಿನ ಅಟ್ಟದ ಮೇಲೆ. ಟೀಚರಿಗೆ ಈಗ ಎಂಬತ್ತರ ಹತ್ತಿರ. ಗಂಡ ಹೆಂಡತಿ ಇಬ್ಬರೂ ಅದರಲ್ಲಿ ರೇಸಿಗೆ ಹೋಗುತ್ತಿದ್ದವರು. ಗಂಡ ತೀರಿಕೊಂಡ ವಾರವೇ ಆಳುಗಳಿಂದ ದೋಣಿಯನ್ನು ಅಟ್ಟಕ್ಕೆ ಎತ್ತಿಸಿದವರು ಮತ್ತೆ ಇಳಿಸಿರಲಿಲ್ಲ. ನಾನು ಹೋಗಿ ವಿಷಯ ಹೇಳಿದೆ.

“ಕೊಡ್ತೀನಿ. ಆದ್ರೆ ಚುಕ್ಕಾಣಿ ನನ್ನ ಕೈಲಿ,” ಎಂದರು.

“ಟೀಚರ್, ನಿಮ್ಮ ಮಂಡಿ...”

“ಮಂಡಿಯಿಂದ ಯಾರೇ ಚುಕ್ಕಾಣಿ ಹಿಡೀತಾರೆ? ಒಂದೇ ಒಂದು ಸಲ. ಆಮೇಲೆ ಅದು ನಿಂದು. ಬೇಕಿದ್ರೆ ಸೌದೆ ಮಾಡ್ಕೋ. ಇಳಿಸಿದ ಮೇಲೆ ಮನೇಲಿಟ್ಕೊಂಡು ದಿನಾ ಅದರ ಮುಖ ನೋಡೋಕೆ ನನ್ನಿಂದ ಆಗಲ್ಲ.”

ಹೀಗೆ ದೋಣಿ ಪಿಕಪ್ ಏರಿ ನಮ್ಮ ತೋಟಕ್ಕೆ ಬಂತು. ರಿಪೇರಿಗೆ ಕೂತವರು ನಮ್ಮ ಬಡಗಿ ಮೇಸ್ತ್ರಿ. ಕಣ್ಣೂರಿನ ಕಡೆಯವರು. ಮೂವತ್ತು ವರ್ಷದಿಂದ ನಮ್ಮ ತೋಟದ ಬಾಗಿಲು, ಕಿಟಕಿ, ಏಣಿ ಎಲ್ಲ ಅವರ ಕೈಯದ್ದೇ, ಆದರೆ ಅವರ ಅಜ್ಜ ದೋಣಿ ಕಟ್ಟುವವರು. ದೋಣಿಯ ಸುತ್ತ ಎರಡು ಪ್ರದಕ್ಷಿಣೆ ಬಂದು, ಉಗುರಿನಿಂದ ಒತ್ತಿ, ಒಂದು ಹಲಗೆ ಲಡ್ಡಾಗಿದೆ, ಬದಲಿಗೆ ನೀರಿಗೆ ಕೊಳೆಯದ ಹೆಬ್ಬಲಸಿನ ಮರವೇ ಆಗಬೇಕು ಎಂದರು. ತೋಟದಲ್ಲಿ ಸಿಲ್ವರ್ ಓಕ್ ಮರ ಬೇಕಾದಷ್ಟು ಬಿದ್ದಿದೆಯಲ್ಲ ಎಂದೆ. ನನ್ನನ್ನು ಅವರು ನೋಡಿದ ನೋಟ ಇನ್ನೂ ನೆನಪಿದೆ. ಕೊನೆಗೆ ಹೆಬ್ಬಲಸೇ ಬಂತು. ಹಬೆಯಲ್ಲಿ ಬೇಯಿಸಿ, ಬಗ್ಗಿಸಿ, ಮೊಳೆ ಹೊಡೆದು ಕೂರಿಸಿದರು. ಒಳಗೂ ಹೊರಗೂ ಉಜ್ಜಿ ವಾರ್ನಿಷ್ ಬಳಿದದ್ದು ನಾನು. ಆ ಹಳೆಯ ಮರ ಜೇನಿನ ಬಣ್ಣಕ್ಕೆ ತಿರುಗಿದಾಗ ನನಗೆ ಆದ ಖುಷಿ ಅಷ್ಟಿಷ್ಟಲ್ಲ.

ಪಂದ್ಯಕ್ಕೆ ಹತ್ತು ದಿನ ಇರುವಾಗ ಮೇಸ್ತ್ರಿ ತಂಗಿ ಮಗಳ ಮದುವೆಗೆಂದು ಊರಿಗೆ ಹೊರಟರು. ಹೋಗುವಾಗ, “ಅಮ್ಮಾ, ಶೆಡ್ಡಲ್ಲೇ ಇರಲಿ. ನೆರಳಲ್ಲಿ ಒಣಗಲಿ,” ಎಂದು ಎರಡೆರಡು ಸಲ ಹೇಳಿದರು.

ನಾನು ಕೇಳಬೇಕಲ್ಲ! ಚಳಿಗೆ ವಾರ್ನಿಷ್ ಮೂರು ದಿನವಾದರೂ ಅಂಟಂಟು. ಶೆಡ್ಡಿನ ಹೊರಗೆ ನೋಡಿದರೆ ಕಾಫಿ ಕಣ, ಅದರ ತುಂಬ ಚುರುಚುರು ಬಿಸಿಲು. ಹುಟ್ಟಿದಾಗಿನಿಂದ ನಾನು ಕಂಡದ್ದು ಒಂದೇ ಬುದ್ಧಿ: ಒದ್ದೆಯಿದ್ದರೆ ಕಣಕ್ಕೆ ಹಾಕು. ಕಾಫಿ, ಕಾಳುಮೆಣಸು, ಅಡಿಕೆ, ಹಾಸಿಗೆ, ಹಪ್ಪಳ ಎಲ್ಲವೂ ಅಲ್ಲೇ ಒಣಗಿದ್ದು. ದೋಣಿ ಏನು ಮಹಾ? ನಾಲ್ಕು ಜನರನ್ನು ಕರೆದು ಅರೇಬಿಕಾ ಹರವಿದ್ದ ಪಕ್ಕದಲ್ಲೇ ಅದನ್ನು ಇಡಿಸಿದೆ. ಬೆಳಿಗ್ಗೆ ಒಂದು ಮಗ್ಗುಲು, ಮಧ್ಯಾಹ್ನ ಇನ್ನೊಂದು ಮಗ್ಗುಲು. ಇಬ್ಬನಿ ಬೀಳುವ ಮೊದಲು ಕಾಫಿಗೆ ಹೊದೆಸುವ ಹಾಗೆಯೇ ಟಾರ್ಪಾಲು. ಲೆಕ್ಕ ಬರೆಯುವ ನಮ್ಮ ತೋಟದ ರೈಟರ್ ಬಂದು ನೋಡಿ, “ಅಮ್ಮಾ, ಇದನ್ನೂ ಕಾಫಿ ಜೊತೆ ಕ್ಯೂರಿಂಗಿಗೆ ಕಳಿಸೋದಾ?” ಎಂದರು. ನಿಮ್ಮ ಕೆಲಸ ನೋಡಿ ಎಂದು ಗದರಿದೆ.

ಪಂದ್ಯ ಭಾನುವಾರ. ಗುರುವಾರ ಬೆಳಿಗ್ಗೆ ಮೇಸ್ತ್ರಿ ಮದುವೆಯ ಹಲ್ವ ಹಿಡಿದುಕೊಂಡು ಬಂದವರು ಕಣದ ಅಂಚಿನಲ್ಲೇ ನಿಂತರು. ಹಲ್ವದ ಪೊಟ್ಟಣ ನನ್ನ ಕೈಗೆ ಕೊಟ್ಟರು, ದೋಣಿಯ ಕೆಳಗೆ ತೂರಿದರು.

“ಎಂತಮ್ಮಾ ಇದು! ಹಲಗೆ ಸಂದಲ್ಲಿ ಆಕಾಶ ಕಾಣ್ತದೆ. ಬನ್ನಿ, ನೀವೇ ನೋಡಿ.”

ನಾನೂ ತೂರಿದೆ. ಹಲಗೆ ಹಲಗೆಯ ನಡುವೆ ಬಿಸಿಲು ಗೆರೆಗೆರೆಯಾಗಿ ಒಳಗೆ ಬರುತ್ತಿತ್ತು.

“ಅಮ್ಮಾ, ಕಾಪಿ ಒಣಗ್ಬೇಕು. ದೋಣಿ ಒಣಗ್ಬಾರ್ದು. ಮರ ನೀರು ಕುಡಿದು ಉಬ್ಬಿದ್ರೇ ಸಂದು ಮುಚ್ಚೋದು. ನೀವು ಅದರ ಜೀವದ ನೀರೇ ತೆಗೆದ್ರಿ.”

ಅವರು ಕಿರುಚಿದ್ದರೆ ನಾನೂ ಕಿರುಚುತ್ತಿದ್ದೆ. ಮೆಲ್ಲಗೆ ಹೇಳಿದ್ದರಿಂದ ಅಳು ಬಂತು. ಎರಡು ದೋಣಿ, ಮೂರು ದೋಣಿ ಎಂದು ಕ್ಲಬ್ಬಿನವರು ಹಾಳಾಗಿ ಹೋಗಲಿ, ಪೊನ್ನಂಪೇಟೆಯಲ್ಲಿ ಟೀಚರ್ ಹಳೆಯ ಕ್ಯಾನ್ವಾಸ್ ಶೂ ಒಗೆದು ಕಾಯುತ್ತಿದ್ದರು. ಅವರಿಗೆ ಏನು ಹೇಳಲಿ?

ಇದ್ದ ದಾರಿ ಒಂದೇ. ದೋಣಿಯನ್ನು ತೋಟದ ಕೆರೆಗೆ ಇಳಿಸಿ, ಗೊಬ್ಬರದ ಚೀಲಗಳಲ್ಲಿ ಮರಳು ತುಂಬಿ ಒಳಗಿಟ್ಟು, ಅಂಚಿನವರೆಗೂ ಮುಳುಗಿಸಿದೆವು. ಅಷ್ಟು ಅಂದವಾಗಿ ಬಳಿದ ವಾರ್ನಿಷ್ ಕೆಸರು ನೀರಿನಲ್ಲಿ ಕಾಣೆಯಾಯಿತು. ಮೂರು ದಿನ ಹೊತ್ತು ಹೊತ್ತಿಗೆ ಹೋಗಿ ನೋಡಿದೆ. ಟೀಚರಿಗೆ ಫೋನು ಮಾಡಿ ತಪ್ಪೊಪ್ಪಿಕೊಂಡೆ.

“ಏಳನೇ ಕ್ಲಾಸಲ್ಲೂ ನೀನು ಹೀಗೇ. ಪ್ರಶ್ನೆ ಪೂರ್ತಿ ಓದೋ ಮೊದಲೇ ಉತ್ತರ ಬರೀತಿದ್ದೆ,” ಎಂದರು. “ಭಾನುವಾರ ಜೀಪು ಕಳಿಸು. ನಾನು ಬರ್ತೀನಿ.”

ಭಾನುವಾರ ಮುಂಜಾನೆ ದೋಣಿಯನ್ನು ಮೇಲೆತ್ತಿ, ಒದ್ದೆ ಗೋಣಿ ಹೊದೆಸಿ, ಪಿಕಪ್ಪಿನಲ್ಲಿ ಹಾರಂಗಿಗೆ ಒಯ್ದೆವು. ಸಂದುಗಳು ಬಹುಪಾಲು ಮುಚ್ಚಿದ್ದವು. ಹೊಸ ಹೆಬ್ಬಲಸಿನ ಹಲಗೆಯದು ಮಾತ್ರ ಇನ್ನೂ ಬಾಯಿ ಬಿಟ್ಟಿತ್ತು. ನನ್ನ ದೋಣಿಯನ್ನು ತಂಗಿಗೂ ಅವಳ ಗಂಡನಿಗೂ ಒಪ್ಪಿಸಿ, ನಾನು ಟೀಚರ್ ಜೊತೆ ಹತ್ತಿದೆ. ಇಬ್ಬರಿಗೂ ಮೇಸ್ತ್ರಿಯೇ ಲೈಫ್ ಜಾಕೆಟ್ ಬಿಗಿದು, ಎಣ್ಣೆಯ ಖಾಲಿ ಡಬ್ಬವೊಂದನ್ನು ನನ್ನ ಕೈಗೆ ಕೊಟ್ಟರು. ಅವರ ಮುಖದಲ್ಲಿ ಭರವಸೆ ಅಷ್ಟಾಗಿ ಕಾಣಲಿಲ್ಲ.

ಸೀಟಿ ಊದಿದರು. ಮೂರು ಮರದ ದೋಣಿಗಳು ಹೊರಟವು. ದಡದಲ್ಲಿ ಫೈಬರಿನವರೂ ಚಪ್ಪಾಳೆ ತಟ್ಟಿದರು, ಅದನ್ನು ಹೇಳದಿದ್ದರೆ ತಪ್ಪಾಗುತ್ತದೆ. ಟೀಚರ್ ಚುಕ್ಕಾಣಿ ಹಿಡಿದ ಕೂಡಲೇ ಬೇರೆಯವರಾದರು. ಹಾಯಿಯ ತುದಿ ಒಂದಿಷ್ಟು ನಡುಗಿದರೆ ಸಾಕು, ನನ್ನ ಕಡೆ ನೋಡದೆಯೇ ಹಗ್ಗ ಎಳಿ ಎನ್ನುತ್ತಿದ್ದರು. ನಾನು ಒಂದು ಕೈಯಲ್ಲಿ ಹಗ್ಗ, ಇನ್ನೊಂದು ಕೈಯಲ್ಲಿ ಡಬ್ಬ ಹಿಡಿದು ನೀರು ಮೊಗೆದೆ. ನೀಲಿ ಡ್ರಮ್ಮು ತೇಲಿಬಿಟ್ಟಿದ್ದ ಎರಡನೆಯ ತಿರುವಿನ ಹೊತ್ತಿಗೆ ನೀರು ಹಿಮ್ಮಡಿ ದಾಟಿತ್ತು.

“ಟೀಚರ್, ಜಾಸ್ತಿ ಆಗ್ತಾ ಇದೆ!”

“ಒಂದು ತೊಟ್ಟಿ. ಒಂದು ನಲ್ಲಿ ತುಂಬಿಸ್ತದೆ, ಒಂದು ಖಾಲಿ ಮಾಡ್ತದೆ. ನೆನಪುಂಟಾ?”

“ಅದರಲ್ಲೇ ನೀವು ನನಗೆ ಸೊನ್ನೆ ಕೊಟ್ಟಿದ್ದು!”

“ಹಾಗಾದ್ರೆ ಈಗ ಸರಿಯಾಗಿ ಮಾಡು. ಬೇಗ ಬೇಗ ಮೊಗಿ!”

ನಗು ಬಂದು ಕೈ ನಿಂತೇ ಹೋಯಿತು. ಅವರೂ ನಕ್ಕರು. ಅವರು ಹಾಗೆ ಬಾಯ್ತುಂಬ ನಗುವುದನ್ನು ನಾನು ಶಾಲೆಯಲ್ಲಿ ಒಮ್ಮೆಯೂ ಕಂಡಿರಲಿಲ್ಲ. ಡಾಕ್ಟರರ ದೋಣಿ ಮೊದಲು ಮುಟ್ಟಿತು, ತಂಗಿಯದು ಆಮೇಲೆ. ನಾವು ಮೊಣಕಾಲಿನ ಹತ್ತಿರದವರೆಗೆ ನೀರಿನಲ್ಲಿ ಕೂತು, ಎಮ್ಮೆ ಕೆರೆ ದಾಟುವ ಹಾಗೆ, ಎಲ್ಲರಿಗಿಂತ ಕೊನೆಯಲ್ಲಿ ಗೆರೆ ದಾಟಿದೆವು. ಕಾರ್ಯದರ್ಶಿ ಸೀಟಿ ಊದಿ, ಮರದ ವರ್ಗದ ಎದುರು ಮೂರನೆಯ ಗುರುತು ಹಾಕಿದ್ದನ್ನು ನಾನು ನೀರಿನಿಂದಲೇ ಕಣ್ಣಾರೆ ಕಂಡೆ. “ಸೇವಂತಿಗೆ ಎಲ್ಲಿ ಹಾಕ್ತೀರಿ?” ಎಂದು ಕೂಗಿದೆ. ಪಾಪ, ಅವರೂ ನಕ್ಕರು.

ಮೇಸ್ತ್ರಿ ಮಂಡಿಯುದ್ದ ನೀರಿಗೆ ಇಳಿದು ಬಂದು ಟೀಚರಿಗೆ ಕೈ ಕೊಟ್ಟು ಇಳಿಸಿದರು. ನಾನು ಹಾಯಿ ಇಳಿಸಿ ಕಟ್ಟಿ, ದೋಣಿಯನ್ನು ಪಿಕಪ್ಪಿಗೆ ಎತ್ತಲು ಜನ ಕರೆಯುತ್ತಿದ್ದೆ.

“ಎತ್ತಬೇಡಿ,” ಟೀಚರ್ ತಿರುಗಿ ನಿಂತರು. “ಮೇಲೆ ಎತ್ತಿದ್ರೆ ಮತ್ತೆ ಒಣಗ್ತದೆ. ನೀರಲ್ಲೇ ಕಟ್ಟಿ.”

“ಒಂದೇ ಸಲ ಅಂದಿದ್ರಿ ಟೀಚರ್.”

ಅವರು ಸೆರಗಿನಲ್ಲಿ ಕನ್ನಡಕ ಒರೆಸಿ, ದೋಣಿಯನ್ನು ಒಮ್ಮೆ ಈ ತುದಿಯಿಂದ ಆ ತುದಿಯವರೆಗೆ ನೋಡಿದರು.

“ಮುಂದಿನ ಭಾನುವಾರ ಎಂಟು ಗಂಟೆಗೆ ಜೀಪು ಕಳಿಸು,” ಎಂದರು. “ಲೇಟ್ ಮಾಡಿದ್ರೆ ಹೊರಗೆ ನಿಲ್ಲಿಸ್ತೀನಿ.”