ಪಿಂಜಾರರ ಮನೆಯ ಖಾಲಿ ಖೋಲಿ

ಮನೆಗೆ ಕಿಟಕಿಯೇ ಇರಲಿಲ್ಲ. ತಿಪಟೂರಿನಿಂದ ಬಸ್ಸು ಬದಲಿಸುತ್ತ ಬದಲಿಸುತ್ತ ಗಡಿಯಾಚೆ ಮಹಾರಾಷ್ಟ್ರದ ಸಂಖಕ್ಕೆ ಬಂದಿಳಿದವಳು, ಬಾಡಿಗೆಗೆ ಹಿಡಿದಿದ್ದ ಎರಡು ಕೋಣೆಗಳನ್ನು ಎರಡೆರಡು ಸಲ ಸುತ್ತಿ ನೋಡಿದೆ. ಮೊಳಕ್ಕಿಂತ ದಪ್ಪನೆಯ ಕಲ್ಲಿನ ಗೋಡೆ, ಮೇಲೆ ಮಣ್ಣಿನ ಮಾಳಿಗೆ, ಮಾಳಿಗೆಯಲ್ಲಿ ಅಂಗೈಯಗಲದ ಒಂದು ಬೆಳಕಿಂಡಿ. ಅಷ್ಟೇ. ನಡುಹಗಲಲ್ಲೂ ದೀಪ ಹಾಕಿಕೊಂಡು ಅಕ್ಕಿ ಆರಿಸಬೇಕು.

"ಕಿಟಕಿ ಎಲ್ಲಮ್ಮಾ?" ಎಂದು ಮನೆಯ ಒಡತಿ ಗೌರವ್ವನನ್ನು ಕೇಳಿದೆ.

"ಖಿಡಕಿ ಯಾಕ ಬೇಕ್ರಿ? ಬಿಸಲಿಗೆ ಒಳಗ ಬಾ ಅಂತ ಕರಿಲಾಕೇನು?" ಎಂದು ಆಕೆ ನಕ್ಕರು. ಆಮೇಲೆ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಕನ್ನಡ ಭಾಳ ಚಲೋ ಮಾತಾಡ್ತೀರಿ, ಎಲ್ಲಿ ಕಲಿತ್ರಿ?" ಎಂದರು.

ಹಾಲು ಕುಡಿಯುವಾಗಲೇ ಬಂದ ಮಾತನ್ನು ಎಲ್ಲಿ ಕಲಿತೆ ಎಂದರೆ ಏನು ಹೇಳಲಿ? ಆಕೆಗೆ ನನ್ನದು ಪುಸ್ತಕದ ಕನ್ನಡ. ನನ್ನ ಕಿವಿಗೆ ಆಕೆಯದು ಜಗಳದ ಕನ್ನಡ. ಮಾರನೆಯ ವಾರ ರೇಷನ್ ಕಾರ್ಡಿಗೆಂದು ಕಚೇರಿಗೆ ಹೋದರೆ ಅಲ್ಲಿ ಕನ್ನಡವೇ ಇಲ್ಲ. ಅರ್ಜಿ ಮರಾಠಿಯದು, ಕೇಳುವ ಪ್ರಶ್ನೆ ಮರಾಠಿಯದು. ಗುಮಾಸ್ತ ನನ್ನ ಹೆಸರಿನ ಮುಂದೆ ಗಂಡನ ಹೆಸರನ್ನೂ ಅದರ ಮುಂದೆ ಅವರ ಊರಿನ ಹೆಸರನ್ನೂ ಸೇರಿಸಿ ಬರೆದುಕೊಂಡ. ಓದಿದಾಗ ಅದು ಬೇರೆ ಯಾರದೋ ಹೆಸರಾಗಿತ್ತು.

ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷವಾಗಿತ್ತು. ಜತ್ತ ತಾಲ್ಲೂಕಿನ ಬಯಲಲ್ಲಿ ಗಾಳಿಯಿಂದ ಕರೆಂಟು ಮಾಡುವ ಯಂತ್ರಗಳನ್ನು ನಿಲ್ಲಿಸುತ್ತಿದ್ದರು. ನನ್ನ ಗಂಡನಿಗೆ ಆ ಕೆಲಸ. ಬೆಳಿಗ್ಗೆ ಜೀಪಿನಲ್ಲಿ ಹೋದರೆ ಸಂಜೆಯೇ ಬರುವುದು. ಊರಿನವರು ಆ ಯಂತ್ರಗಳನ್ನು ಪಂಖಾ ಎನ್ನುತ್ತಿದ್ದರು. ಹಾಗಾಗಿ ನಾನು 'ಪಂಖಾದವರ ಬಾಯಿ', ಅಂದರೆ ಪಂಖಾದವರ ಮನೆಯ ಹೆಂಗಸು, ಆದೆ. ತಿಪಟೂರಿನಲ್ಲಿ ಬೀದಿಗೆ ಕಾಲಿಟ್ಟರೆ ನಾಲ್ಕು ಜನ ಹೆಸರು ಹಿಡಿದು ಕೂಗುತ್ತಿದ್ದರು. ಇಲ್ಲಿ ನನ್ನ ಹೆಸರು ಬೇಕಾದದ್ದು ಗಂಡನಿಗೆ ಮಾತ್ರ, ಅದೂ ಊಟದ ಹೊತ್ತಿಗೆ.

ಎದುರು ಮನೆಯಲ್ಲಿ ಜೈತುನಬಿ ಇದ್ದಳು. ಅವರು ಪಿಂಜಾರರು. ಅರಳೆ ಹಿಂಜಿ ಗಾದಿ ಹೊಲಿಯುವುದು ಮನೆತನದ ಕಸುಬು. ಗಂಡ ದಸ್ತಗೀರ ಅರಳೆ ಹಿಂಜುತ್ತಿದ್ದ, ಇವಳು ಹೊಲಿಯುತ್ತಿದ್ದಳು. ಮನೆಯೊಳಗೆ ಅವರು ದಖ್ಖನಿ ಉರ್ದು ಆಡುತ್ತಿದ್ದರು, ಹೊಸ್ತಿಲು ದಾಟಿದರೆ ಕನ್ನಡ. ಸಜ್ಜೆ, ಜೋಳದ ರೊಟ್ಟಿ ಬಡಿಯುವುದನ್ನು ನನಗೆ ಕಲಿಸಿದವಳು ಅವಳೇ. ರಾಗಿಮುದ್ದೆ ಕಟ್ಟಿದ ಕೈಗೆ ರೊಟ್ಟಿ ಒಲಿಯಲಿಲ್ಲ. ಅಂಚು ಒಡೆಯಿತು, ನಡುವೆ ತೂತು ಬಿತ್ತು.

"ಏ ಹುಚ್ಚಿ, ನೀ ರೊಟ್ಟಿ ಬಡಿತೀಯೋ, ರೊಟ್ಟಿ ನಿನ್ನ ಬಡಿತೈತೋ?" ಎಂದು ನನ್ನ ಕೈ ಮೇಲೇ ಒಂದು ಏಟು ಹಾಕಿದ್ದಳು. ಊರು ಬಿಟ್ಟು ಬಂದ ಮೇಲೆ ನನಗೆ ಬಿದ್ದ ಮೊದಲ ಪ್ರೀತಿಯ ಏಟು ಅದು.

ಆ ವರ್ಷ ಗಂಡ ಡಿಶ್ ಹಾಕಿಸಿದರು. ಭಾನುವಾರ ಮಧ್ಯಾಹ್ನ ಒಂದು ಹಿಂದಿ ಸ್ಪರ್ಧೆ ಬರುತ್ತಿತ್ತು. ಸ್ಪರ್ಧೆಗೆ ಬಂದವರಿಗೆ ಒಂದೊಂದು ಬೋಳು ಕೋಣೆ ಕೊಡುತ್ತಿದ್ದರು. ಅದನ್ನು ಅವರು ಚಂದ ಮಾಡಿ ತೋರಿಸಬೇಕು, ಮೂವರು ತೀರ್ಪುಗಾರರು ಬಂದು ತಪ್ಪು ಒಪ್ಪು ಹೇಳಬೇಕು. ನನ್ನ ಹಿಂದಿ ಅರ್ಧಂಬರ್ಧ. ಜೈತುನಬಿಯ ಮಗಳು ರೇಷ್ಮಾ ಪಕ್ಕದಲ್ಲಿ ಕೂತು ಕನ್ನಡ ಮಾಡಿ ಹೇಳುತ್ತಿದ್ದಳು. ಹತ್ತೊಂಬತ್ತರ ಹುಡುಗಿ, ಹತ್ತನೆಯ ಇಯತ್ತೆಗೆ ಸಾಲಿ ಬಿಟ್ಟವಳು. ಅವಳ ಬಾಯಲ್ಲಿ ಮುಂಬೈಯ ತೀರ್ಪುಗಾರರೆಲ್ಲ ಸಂಖದವರಾಗುತ್ತಿದ್ದರು.

"ಅಕ್ಕಾರ, ಒಂದ ಗ್ವಾಡಿ ಮಾತಾಡಬೇಕಂತ್ರಿ, ಉಳದ ಮೂರು ಸುಮ್ಕ ಕುಂದ್ರಬೇಕಂತ."

"ಖಾಲಿ ಜಾಗಾನೂ ಒಂದ ಸಾಮಾನಂತ್ರಿ. ತುಂಬಿದ ಖೋಲಿ ಉಸರ ಕಟ್ಟಿಸ್ತೈತಂತ."

ನಾವಿಬ್ಬರೂ ಅದನ್ನೆಲ್ಲ ನೋಟುಬುಕ್ಕಿನಲ್ಲಿ ಬರೆದುಕೊಂಡೆವು. ಮೊದಲು ನನ್ನ ಮನೆಯ ಮೇಲೇ ಪ್ರಯೋಗ. ಒಂದು ಗೋಡೆಗೆ ಕೆಮ್ಮಣ್ಣು ಬಳಿದೆವು. ಬಾಗಿಲ ಎದುರಿಗೆ ಕನ್ನಡಿ ನಿಲ್ಲಿಸಿದೆವು. ಬೆಳಿಗ್ಗೆ ಬಾಗಿಲು ತೆರೆದದ್ದೇ ಬಿಸಿಲು ಕನ್ನಡಿಗೆ ಬಡಿದು ಒಳಗೋಣೆಯವರೆಗೂ ಚಿಮ್ಮಿತು. ಗೌರವ್ವ ಓಣಿಯ ಹೆಂಗಸರನ್ನೆಲ್ಲ ಕರೆತಂದು ತೋರಿಸಿದರು. ಅಷ್ಟು ತಿಂಗಳಲ್ಲಿ ನಾನು ಏನಾದರೂ ಗೆದ್ದೆ ಅನ್ನಿಸಿದ್ದು ಆ ಒಂದು ದಿನ.

ಆ ಗೆಲುವೇ ನನ್ನ ತಲೆ ಕೆಡಿಸಿತು.

ಶ್ರಾವಣ ಕಳೆದ ಮೇಲೆ ರೇಷ್ಮಾಳನ್ನು ನೋಡಲು ಉಟಗಿಯಿಂದ ಗಂಡಿನವರು ಬರುತ್ತಾರೆಂದು ಸುದ್ದಿ ಬಂತು. ಹುಡುಗನಿಗೆ ವಿಜಾಪುರದಲ್ಲಿ ಹೊಲಿಗೆ ಅಂಗಡಿ. ಯಾರದೋ ಮದುವೆಯಲ್ಲಿ ಅವನನ್ನು ರೇಷ್ಮಾ ನೋಡಿದ್ದಳು. ಆ ವಾರ ಟಿವಿ ನೋಡುವಾಗ ತೀರ್ಪುಗಾರರ ಮಾತನ್ನು ಕನ್ನಡ ಮಾಡುವುದನ್ನೇ ಮರೆತು ಕೂತಿದ್ದಳು.

"ನಮ್ಮ ಖೋಲಿನೂ ಹಂಗ ಮಾಡೂಣ್ರಿ ಅಕ್ಕಾರ," ಎಂದಳು.

ಅವರ ಮುಂಗೋಣೆಯ ತುಂಬ ಗಾದಿ. ಮಣೆಯ ಮೇಲೆ ಒಂದರ ಮೇಲೊಂದು ಪೇರಿಸಿ ಮಾಳಿಗೆ ಮುಟ್ಟಿಸಿದ್ದರು. ಪಕ್ಕಕ್ಕೆ ಕೌದಿಯ ರಾಶಿ, ಗೋಡೆಯ ಹಲಗೆಯ ಮೇಲೆ ಸಾಲು ಹಿತ್ತಾಳೆ ಕೊಡ. ನನ್ನ ಕಣ್ಣಿಗೆ ಅದು ಉಸಿರು ಕಟ್ಟಿಸುವ ಖೋಲಿ. ಎಲ್ಲವನ್ನೂ ಒಂದು ದಿನದ ಮಟ್ಟಿಗೆ ನಮ್ಮ ಮನೆಗೆ ಸಾಗಿಸೋಣ ಎಂದೆ.

ಜೈತುನಬಿ ಗಾದಿಗೆ ಒರಗಿ ನಿಂತಳು. "ಬ್ಯಾಡ ತಂಗೀ. ಪಿಂಜಾರ ಮನ್ಯಾಗ ಗಾದಿ ಇರಬೇಕು."

"ಒಂದೇ ದಿನ ತಾನೇ? ಅವರು ಒಳಗೆ ಬಂದ ಕೂಡಲೇ ಹುಡುಗಿ ಕಾಣಬೇಕು, ಗಾದಿ ಅಲ್ಲ," ಎಂದು ನಾನು ವಾದಿಸಿದೆ.

"ಅವ್ವಾ, ಅಕ್ಕಾರಿಗಿ ಗೊತ್ತೈತಿ," ಎಂದಳು ಮಗಳು. ಆ ಮಾತಿಗೆ ತಾಯಿ ಸೋತಳು. ನನಗೆ ಏನು ಗೊತ್ತಿತ್ತು?

ಅವರು ಬಂದ ದಿನ ಕೋಣೆ ನಿಜಕ್ಕೂ ಚಂದವಾಗಿತ್ತು. ಒಂದು ಗೋಡೆಗೆ ತಿಳಿ ಹಸಿರು, ನಡುವೆ ಒಂದೇ ಜಮಖಾನ, ಮೂಲೆಯಲ್ಲಿ ಮಣ್ಣಿನ ಹೂಜಿ. ಜೀಪಿನಿಂದ ಏಳು ಜನ ಇಳಿದರು. ಹುಡುಗನ ತಾಯಿ ಒಳಗೆ ಬಂದವಳು ಕೂರಲಿಲ್ಲ. ಬಾಗಿಲಲ್ಲೇ ನಿಂತು ನಾಲ್ಕೂ ಗೋಡೆ ನೋಡಿದಳು.

"ಗಾದಿ ಎಲ್ಲಿ ಹೋದ್ವು?"

ಜೈತುನಬಿ ಸುಳ್ಳು ಬಾರದ ಹೆಂಗಸು. ನನ್ನತ್ತ ಕೈ ಮಾಡಿ, "ಇವರ ಮನ್ಯಾಗ ಇಟ್ಟೀವ್ರಿ," ಎಂದುಬಿಟ್ಟಳು.

ಬಂದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮನೆಯ ಹಾಸಿಗೆ, ಹಿತ್ತಾಳೆ ಇನ್ನೊಬ್ಬರ ಮನೆ ಸೇರಿದೆ ಎಂದರೆ ಆ ಸೀಮೆಯಲ್ಲಿ ಅದಕ್ಕೆ ಒಂದೇ ಅರ್ಥ, ಒತ್ತೆ ಬಿದ್ದಿದೆ ಎಂದು. ನನಗೆ ಅದು ಹೊಳೆದದ್ದು ಆ ಕ್ಷಣದಲ್ಲಿ. ಎದ್ದು ಓಡಿ ನಮ್ಮ ಮನೆಯ ಬಾಗಿಲು ತೆರೆದು, "ಬನ್ನಿ ನೋಡಿ, ಎಲ್ಲ ಇಲ್ಲೇ ಇದೆ, ಕೋಣೆ ಚಂದ ಕಾಣಲಿ ಅಂತ ನಾನೇ ತೆಗೆಸಿದ್ದು," ಎಂದೆ.

ಹುಡುಗನ ಸೋದರತ್ತೆ ಹೊಸ್ತಿಲವರೆಗೂ ಬಂದು ಇಣುಕಿದಳು. "ನಿಮ್ಮ ಮನ್ಯಾಗಿನ ಗಾದಿ ತೋರಿಸಿ ಅವರವು ಅಂದ್ರ ನಂಬಬೇಕೇನ್ರಿ?" ಎಂದಳು. ಸಿಟ್ಟಿನಿಂದಲ್ಲ, ಮೆಲ್ಲಗೆ. ಚಹಾ ಕುಡಿದರು, ರೇಷ್ಮಾಳ ಕೈಗೆ ಒಂದು ಬಾಳೆಹಣ್ಣು ಕೊಟ್ಟರು, ಹೋದರು. ವಾರದೊಳಗೆ ಬೇಡವೆಂದು ಹೇಳಿ ಕಳಿಸಿದರು.

ನಾನು ಸುಮ್ಮನಿರಲಾರದೆ ಜೀಪು ಹತ್ತಿ ಒಬ್ಬಳೇ ಉಟಗಿಗೆ ಹೋದೆ. ಹುಡುಗನ ತಾಯಿ ನೀರು ಕೊಟ್ಟಳು, ಬೇಡವೆಂದರೂ ಊಟಕ್ಕೆ ಕೂರಿಸಿದಳು. ನಡೆದದ್ದನ್ನೆಲ್ಲ ಹೇಳಿದೆ. ಟಿವಿಯ ಸ್ಪರ್ಧೆಯನ್ನೂ ಬಿಡಲಿಲ್ಲ.

"ನಿಮ್ಮ ಮಾತು ಖರೇನ ಇರಬೇಕ್ರಿ," ಎಂದಳು ಆಕೆ. "ಆದ್ರ ನಾ ಏನ್ ಮಾಡ್ಲಿ? ಹುಡುಗಗ ಯಳವಿ ಊರಾಗಿನ ಹುಡುಗಿನ್ನ ಗೊತ್ತ ಮಾಡೀವಿ. ಮೊನ್ನಿ ಸಕ್ರಿ ಹಂಚಿ ಮಾತು ಪಕ್ಕಾ ಮಾಡಿದ್ವಿ."

ವಾಪಸು ಬಂದು ಜೈತುನಬಿಗೆ ಹೇಳಿದಾಗ ಅವಳು ಗಾದಿಗೆ ಹೊಲಿಗೆ ಹಾಕುತ್ತಿದ್ದಳು. ಸೂಜಿ ನಿಲ್ಲಿಸಲಿಲ್ಲ.

"ನೀವ್ ಯಾಕ ತ್ರಾಸ ತಗೊಂಡ್ರಿ? ಬಿಸಲಾಗ ಅಷ್ಟು ದೂರ ಹೋಗಿ ಬಂದ್ರಿ. ಕುಂದ್ರಿ, ಚಹಾ ಮಾಡ್ತೀನಿ," ಎಂದಳು.

'ನೀ' ಎನ್ನುತ್ತಿದ್ದವಳು 'ನೀವು' ಎಂದಿದ್ದಳು. ಆ ದಿನದಿಂದ ನನಗೆ ಬೈಗುಳವೂ ಇಲ್ಲ, ಕೈ ಮೇಲೆ ಏಟೂ ಇಲ್ಲ. ಈದ್ ದಿನ ಶಾವಿಗೆ ಪಾಯಸದ ಸುರಕುಂಬಾ ತಪ್ಪದೆ ಬರುತ್ತಿತ್ತು, ಮುಚ್ಚಿದ ಡಬ್ಬಿಯಲ್ಲಿ, ಮೊದಲಿಗಿಂತ ಹೆಚ್ಚೇ. ಊರವರು ಸಾಹೇಬರ ಮನೆಗೆ ಕಳಿಸುತ್ತಾರಲ್ಲ, ಹಾಗೆ. ಭಾನುವಾರ ರೇಷ್ಮಾ ಬರಲಿಲ್ಲ. ಒಬ್ಬಳೇ ಕೂತು ನೋಡಿದೆ. ತೀರ್ಪುಗಾರರು ಏನು ಹೇಳುತ್ತಿದ್ದಾರೆಂದು ಅರ್ಧವೂ ತಿಳಿಯಲಿಲ್ಲ. ಯಾರು ಗೆದ್ದರೋ ನನಗೆ ಇಂದಿಗೂ ಗೊತ್ತಿಲ್ಲ.

ಒಮ್ಮೆ ಬೇಡವೆನಿಸಿಕೊಂಡ ಹುಡುಗಿ, ಮನೆಯ ಸಾಮಾನು ಒತ್ತೆಯಲ್ಲಿದೆ ಎಂಬ ಮಾತು ಬೇರೆ. ಎರಡು ವರ್ಷ ಯಾರೂ ಬರಲಿಲ್ಲ. ಕೊನೆಗೆ ಇಚಲಕರಂಜಿಯ ಮಗ್ಗದ ಕೆಲಸಗಾರನೊಬ್ಬನಿಗೆ ಕೊಟ್ಟರು. ಹೆಂಡತಿ ತೀರಿಕೊಂಡವನು, ಇಬ್ಬರು ಮಕ್ಕಳು. ನಿಕಾಹದ ದಿನ ಉಳಿದ ಹೆಂಗಸರೆಲ್ಲ ನೆಲದ ಮೇಲೆ ಕೂತಿದ್ದರೆ ದಸ್ತಗೀರ ನನಗೆ ಕುರ್ಚಿ ಹಾಕಿಸಿ ಮುಂದೆ ಕೂರಿಸಿದ.

ಆಮೇಲೆ ರೇಷ್ಮಾಳನ್ನು ನಾನು ಕಂಡದ್ದು ಒಂದೇ ಸಲ, ಸಂಖದ ಬಸ್ ನಿಲ್ದಾಣದಲ್ಲಿ. ಕಂಕುಳಲ್ಲಿ ಒಂದು ಮಗು, ಸೆರಗು ಹಿಡಿದು ಎರಡು. ಮುಖ ಬಡವಾಗಿತ್ತು. ಜತ್ತದ ಬಸ್ಸಿಗೆ ಕಾಯುತ್ತಿದ್ದಳು. ಎಷ್ಟೋ ದಿನದಿಂದ ಗಂಟಲಲ್ಲಿದ್ದುದನ್ನು ಕೇಳಿಯೇಬಿಟ್ಟೆ. "ನಿಮ್ಮಮ್ಮನಿಗೆ ನನ್ನ ಮೇಲೆ ಸಿಟ್ಟಿದೆ ಅಲ್ಲವಾ?"

ಅವಳು ನಿಜಕ್ಕೂ ಆಶ್ಚರ್ಯಪಟ್ಟಳು.

"ಇಲ್ರಿ ಅಕ್ಕಾರ. ಅವ್ವಗ ನನ್ನ ಮ್ಯಾಲ ಸಿಟ್ಟೈತ್ರಿ. ಹಂಗ ಮಾಡೂಣು ಅಂದಾಕಿ ನಾನ ಅಲ್ರಿ? ಇನ್ನೂ ಬೈತಾಳ. ನಿಮ್ಮ ಮ್ಯಾಲ ಯಾಕ ಸಿಟ್ಟ ಮಾಡ್ತಾಳ್ರಿ? ನೀವು ಹೊರಗಿನವರು, ನಿಮಗೇನ ಗೊತ್ತಿರತೈತಿ?"

ಸಮಾಧಾನ ಮಾಡಬೇಕೆಂದೇ ಹೇಳಿದ ಮಾತು. ಬಸ್ಸು ಬಂತು. ಮಕ್ಕಳನ್ನು ಒಂದೊಂದಾಗಿ ಮೇಲೆ ಹತ್ತಿಸಿ ತಾನೂ ಹತ್ತಿದಳು.

ಆ ಬೇಸಿಗೆಯಲ್ಲಿ ತಿಪಟೂರಿಗೆ ಹೋದೆ. ಅಣ್ಣ ಮನೆ ಕಟ್ಟಿಸಿದ್ದ. ಗೃಹಪ್ರವೇಶಕ್ಕೆ ನಾನು ಬಂದಿರಲಿಲ್ಲ. ಅತ್ತಿಗೆ ಬಾಗಿಲಲ್ಲೇ ಹಿಡಿದುಕೊಂಡರು. "ಈಗ ನೆನಪಾಯ್ತೇನೇ ನಿಂಗೆ? ಒಡಹುಟ್ಟಿದವನ ಮನೆ ಪೂಜೆಗೆ ಬರಕ್ಕೆ ಆಗ್ಲಿಲ್ಲ, ಏನ್ ಅಂಥಾ ಕೆಲ್ಸ ಇತ್ತು?" ಎಂದು ಶುರುಮಾಡಿದರು. ನಾನು ಚೀಲ ಕೆಳಗಿಟ್ಟು ಕೇಳುತ್ತ ನಿಂತೆ. ಬೈಯಲಿ, ಇನ್ನೂ ಬೈಯಲಿ ಎನ್ನಿಸುತ್ತಿತ್ತು. ಕಣ್ಣು ತುಂಬಿ ಬಂತು.

"ತಪ್ಪಾತು ಅತ್ತಿಗಿ, ಬರಲಾಕ ಆಗಲಿಲ್ಲ," ಎಂದೆ.

ಅತ್ತಿಗೆ ಮಾತು ನಿಲ್ಲಿಸಿ ನನ್ನ ಮುಖ ನೋಡಿದರು. ಆಮೇಲೆ ಜೋರಾಗಿ ನಕ್ಕರು. "ನೋಡ್ರೀ ಇಲ್ಲಿ, ಇವಳು ಪೂರ್ತಿ ಆ ಕಡೆಯವಳೇ ಆಗ್ಬಿಟ್ಟಿದ್ದಾಳೆ!" ಎಂದು ಅಣ್ಣನನ್ನು ಕೂಗಿದರು. ಸಿಟ್ಟು ಎಲ್ಲಿ ಹೋಯಿತೋ ಹೋಯಿತು. ಒಳಗಿನಿಂದ, ಬಂದವರಿಗೆಂದು ಇಟ್ಟಿದ್ದ ಹೊಸ ಕುರ್ಚಿಯೊಂದನ್ನು ತಂದು, ಸೆರಗಿನಿಂದ ಒರೆಸಿ, ಕೂತುಕೋ ಎಂದರು.